ಅಗಸಿ ಎಣ್ಣೆಯ ಬ್ಯಾಟು

ಕ್ರೋಯ್ಡನ್ನಿನಲ್ಲಿ ಟ್ರಾಮ್ ಇಳಿದ ಕೂಡಲೇ ಒಂದು ಚಾರಿಟಿ ಅಂಗಡಿ ಇದೆ. ಹೋದ ಶನಿವಾರ ಅಲ್ಲಿ ಕೋಟು ನೋಡಲು ಹೋದವಳಿಗೆ ಬಾಗಿಲಲ್ಲೇ ಅಗಸಿ ಎಣ್ಣೆಯ ವಾಸನೆ ಬಡಿಯಿತು. ಧಾರವಾಡದವಳು ನಾನು, ಅಗಸಿ ಅಂದರೆ ನಮ್ಮ ಚಟ್ನಿಪುಡಿ ಹಿಂಡಿ ನೆನಪಾಗಬೇಕು, ರೊಟ್ಟಿ ನೆನಪಾಗಬೇಕು. ನೆನಪಾದದ್ದು ಕಾಕಾ. ಯಾರೋ ಕೊಟ್ಟುಹೋದ ಹಳೆಯ ಕ್ರಿಕೆಟ್ ಬ್ಯಾಟೊಂದು ಮೂಲೆಯಲ್ಲಿ ನಿಂತಿತ್ತು, ಎಣ್ಣೆ ಕುಡಿದು ಕಂದುಬಣ್ಣಕ್ಕೆ ತಿರುಗಿ... ಕೋಟು ಮುಟ್ಟದೆ ಹೊರಗೆ ಬಂದುಬಿಟ್ಟೆ.

ನಾವು ಫೆಲ್ಥಮ್‌ನಲ್ಲಿದ್ದಾಗ ಕಾಕಾ ಕೆಳಗಿನ ಫ್ಲಾಟಿನವರು. ಸಂಬಂಧಿಕರೇನಲ್ಲ. ಹುಬ್ಬಳ್ಳಿ ಕಡೆಯವರು, ಕಾಕಾ ಅನ್ನಲು ಅಷ್ಟು ಸಾಕಾಯಿತು. ಏರ್‌ಪೋರ್ಟಿನಲ್ಲಿ ವಿಮಾನಕ್ಕೆ ಸಾಮಾನು ಏರಿಸುವ ಕೆಲಸ. ಅದಕ್ಕೂ ಮುಂಚೆ ಅವರು ಫಾಸ್ಟ್ ಬೌಲರ್. ಒಂದು ಬೇಸಿಗೆ ಆಡಲೆಂದು ಇಲ್ಲಿನ ಯಾವುದೋ ಕ್ಲಬ್ಬು ಅವರನ್ನು ಊರಿಂದ ಕರೆಸಿಕೊಂಡಿತ್ತಂತೆ. ವಾಪಸು ಬಂದರೆ ರಾಜ್ಯ ತಂಡ ಖಾತ್ರಿ ಎಂದು ಹುಬ್ಬಳ್ಳಿಯಲ್ಲಿ ಎಲ್ಲರೂ ಅನ್ನುತ್ತಿದ್ದರಂತೆ. ನಡುಬೇಸಿಗೆಯಲ್ಲಿ ಭುಜ ನೋಯತೊಡಗಿತು. ಡಾಕ್ಟರ ಬಳಿ ಹೋದರೆ ಕ್ಲಬ್ಬಿಗೆ ಗೊತ್ತಾಗಿ ಊರಿಗೆ ಕಳಿಸಿಬಿಡುತ್ತಾರೆ ಎಂದು ಹೆದರಿ ಹಲ್ಲು ಕಚ್ಚಿ ಬೌಲ್ ಮಾಡಿದರು. ಭುಜವೂ ಹೋಯಿತು, ಆಟವೂ ಹೋಯಿತು. ಯಾವ ಮುಖ ಹೊತ್ತು ಊರಿಗೆ ಹೋಗುವುದು? ಇಲ್ಲೇ ಉಳಿದರು. ಇದನ್ನು ಹೇಳಿದ್ದು ಕಾಕಾ ಅಲ್ಲ, ಅವರ ಜೊತೆ ಕೆಲಸ ಮಾಡುತ್ತಿದ್ದ ಕನ್ನಡದ ಗೆಳೆಯರೊಬ್ಬರು.

ಭಾನುವಾರ ಪಾರ್ಕಿನಲ್ಲಿ ನಮ್ಮ ಕನ್ನಡದವರ ಪಂದ್ಯ. ಗಂಡಸರು ಆಡುವುದು, ನಾವು ಹೆಂಗಸರು ಚುರುಮುರಿಯ ಗಿರ್ಮಿಟ್ಟು ಕಲಸುವುದು, ಕಾಕಾ ಬೌಂಡರಿಯಾಚೆ ಕೂತು ಎಲ್ಲರ ಬ್ಯಾಟಿಗೂ ಅಗಸಿ ಎಣ್ಣೆ ತಿಕ್ಕುವುದು. ತಿಕ್ಕುತ್ತ ಆಟಗಾರರ ಕಥೆ ಹೇಳುತ್ತಿದ್ದರು. ಹೆಸರು ಮಾಡಿದವರದ್ದಲ್ಲ. "ಅವ್ರಿಗೆ ಟಿವಿ ಐತಿ. ಇವ್ರಿಗೆ ಯಾರ ಅದಾರ?" ಗದಗಿನ ಎಡಗೈ ಸ್ಪಿನ್ನರ್‌ನನ್ನು ಸೆಲೆಕ್ಷನ್ ದಿನ ಸುರಿದ ಮಳೆ ಕೆಡಿಸಿತ್ತು. ಬಳ್ಳಾರಿಯ ಕೀಪರ್‌ನನ್ನು ಸೈಕಲ್ ಅಂಗಡಿಯಲ್ಲಿ ಕೂಡಿಸಿ ಅವನ ಅಪ್ಪ ಕೆಡಿಸಿದ್ದ. ಬೆಳಗಾವಿಯ ಓಪನರ್‌ನನ್ನು ಕೆಡಿಸಿದವನು ಯಾವನೋ ಸೆಲೆಕ್ಟರನ ಅಳಿಯ... "ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ, ಕಾಕಾ," ಎಂದು ನಾನು ಕಾಡಿಸಿದರೆ ನಗುತ್ತಿದ್ದರು, ಗಿರ್ಮಿಟ್ಟಿಗೆ ಇನ್ನೊಂದಿಷ್ಟು ಉಳ್ಳಾಗಡ್ಡಿ ಕೇಳುತ್ತಿದ್ದರು. ತಮ್ಮ ಕಥೆ ಮಾತ್ರ ಎಂದೂ ಹೇಳಲಿಲ್ಲ.

ನನ್ನ ಮಗಳ ಕೈಗೆ ಚೆಂಡು ಕೊಟ್ಟವರು ಅವರೇ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಕಾಕಾನ ಜೊತೆ ಮಾತ್ರ ಹರಕುಮುರುಕು ಕನ್ನಡ ಆಡುತ್ತಿದ್ದಳು. ಹದಿನಾಲ್ಕಕ್ಕೇ ಅವಳ ಚೆಂಡೆದುರು ನಿಲ್ಲಲು ನನ್ನ ಗಂಡ ಹಿಂದೆಮುಂದೆ ನೋಡುತ್ತಿದ್ದರು. ಕೌಂಟಿಯ ಹುಡುಗಿಯರ ತಂಡದ ಟ್ರಯಲ್ಸ್‌ಗೆ ಕರೆ ಬಂದ ದಿನ ಕಾಕಾ ಮೆಟ್ಟಿಲು ಹತ್ತಿಳಿದು ಇಡೀ ಬಿಲ್ಡಿಂಗಿಗೆ ಪೇಡೆ ಹಂಚಿದರು. ಪಕ್ಕದ ಪೋಲಿಷ್ ಅಜ್ಜಿಗೂ ಕೊಟ್ಟರು.

ಅಷ್ಟರಲ್ಲಾಗಲೇ ಅವಳ ಬಲಭುಜ ನೋಯುತ್ತಿತ್ತಂತೆ. ನನಗೆ ಗೊತ್ತಿರಲಿಲ್ಲ, ಕಾಕಾನಿಗೆ ಗೊತ್ತಿತ್ತು. "ಅವ್ವಗ ಹೇಳಬ್ಯಾಡ. ಆಕಿ ಜಿಪಿ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಾಳ. ಜಿಪಿ ಬರೆದಿದ್ದು ಸೆಲೆಕ್ಟರ್ ತನಕಾ ಹೋಗ್ತೈತಿ," ಎಂದಿದ್ದರಂತೆ. ಅಷ್ಟು ವರ್ಷ ಈ ದೇಶದ ನೀರು ಕುಡಿದ ಮನುಷ್ಯನಿಗೆ, ಜಿಪಿ ಬರೆದದ್ದನ್ನು ಕ್ರಿಕೆಟ್ಟಿನವರು ಓದುವುದಿಲ್ಲ ಎನ್ನುವಷ್ಟೂ ತಿಳಿಯಲಿಲ್ಲವೇ? ಹುಡುಗಿ ಅವರ ಮಾತು ಕೇಳಿದಳು. ಟ್ರಯಲ್ಸ್‌ನಲ್ಲಿ ಓವರ್ ಮುಗಿಸಲಾಗದೆ ಭುಜ ಹಿಡಿದು ಹುಲ್ಲಿನ ಮೇಲೆ ಕೂತುಬಿಟ್ಟಳು. ಆಪರೇಷನ್ ಆಯಿತು. ಇನ್ನು ಬೌಲಿಂಗ್ ಬೇಡ ಎಂದರು ಡಾಕ್ಟರು.

ಮಗಳಿಂದ ವಿಷಯ ಗೊತ್ತಾದ ದಿನ ಕೆಳಗಿಳಿದು ಹೋಗಿ ಅವರ ಬಾಗಿಲಲ್ಲೇ ನಿಂತು ಕೇಳಿದೆ. "ನಿಮ್ಮ ಭುಜ ಹೋಗಿದ್ದು ಸಾಲಲಿಲ್ಲೇನ್ರಿ ಕಾಕಾ, ನನ್ನ ಮಗಳದೂ ಬೇಕಾಗಿತ್ತೇನು?" ಅವರ ಬಾಯಿಂದ ತಪ್ಪಾತು ಅಂತ ಒಂದು ಮಾತು ಬಂದಿದ್ದರೆ ನಾನು ಅಲ್ಲೇ ಅತ್ತು ಹಗುರಾಗುತ್ತಿದ್ದೆನೇನೋ. ಕೆಲವೇ ದಿನಗಳಲ್ಲಿ ಅವರು ಫ್ಲಾಟು ಖಾಲಿ ಮಾಡಿದರು, ಆಮೇಲೆ ನಾವೂ ಈ ಕ್ರೋಯ್ಡನ್ ಕಡೆ ಬಂದೆವು. ಆ ಒಂದು ಮಾತಿಗೆ ನಾನು ವರ್ಷಗಟ್ಟಲೆ ಕಾದೆ. ಸುಳ್ಳೇಕೆ ಹೇಳಲಿ, ಸಿಟ್ಟು ಇನ್ನೂ ಆರಿಲ್ಲ.

ಹೋದ ಚಳಿಗಾಲ ಕಾಕಾನ ಜೊತೆ ಕೆಲಸ ಮಾಡುತ್ತಿದ್ದ ಅದೇ ಗೆಳೆಯರ ಫೋನ್ ಬಂತು. ಕಾಕಾ ತೀರಿಕೊಂಡಿದ್ದರು. ಆಸ್ಪತ್ರೆಯಲ್ಲಿ ಕೊನೆಕೊನೆಗೆ ನರ್ಸುಗಳನ್ನು ಕೂಡಿಸಿಕೊಂಡು ಕನ್ನಡದಲ್ಲೇ ಆಟಗಾರರ ಕಥೆ ಹೇಳುತ್ತಿದ್ದರಂತೆ. ಪಾಪ, ಆ ನರ್ಸುಗಳಿಗೇನು ತಿಳಿಯಬೇಕು, ಹೂಂ ಅನ್ನುತ್ತಿದ್ದರಂತೆ. ಗದಗಿನವನು, ಬಳ್ಳಾರಿಯವನು, ಬೆಳಗಾವಿಯವನು... ಎಲ್ಲ ಆದಮೇಲೆ, "ಫೆಲ್ಥಮ್‌ದಾಗ ಒಂದು ಹುಡುಗಿ ಇತ್ತು. ಅಂಥಾ ಬೌಲರ್ ನಾ ನೋಡಿಲ್ಲ. ಅಕಿನ್ನ ಮಳೀನೂ ಕೆಡಸಲಿಲ್ಲ, ಸೆಲೆಕ್ಟರೂ ಕೆಡಸಲಿಲ್ಲ. ನಾನ ಕೆಡಿಸಿದೆ."

ಫೋನ್ ಇಟ್ಟವಳು ಇದನ್ನು ಯಾರಿಗೂ ಹೇಳಲಿಲ್ಲ. ಸತ್ತವರ ಜೊತೆ ಜಗಳ ಆಡುವುದು ಹೇಗೆ, ಅವರ ತಪ್ಪೊಪ್ಪಿಗೆಯನ್ನು ತೆಗೆದುಕೊಳ್ಳುವುದಾದರೂ ಹೇಗೆ?

ಆ ಶನಿವಾರ ಅಂಗಡಿಯಿಂದ ಬರಿಗೈಯಲ್ಲಿ ಮನೆಗೆ ಬಂದಾಗ ಮಗಳು ಬಂದಿದ್ದಳು. ಊಟಕ್ಕೆ ಅಗಸಿ ಹಿಂಡಿಯ ಡಬ್ಬಿ ಬೇಕಾಗಿ ಮೇಲಿನ ಶೆಲ್ಫಿಗೆ ಎಡಗೈ ಚಾಚಿದಳು. ಬಲಗೈ ಅಷ್ಟೆತ್ತರಕ್ಕೆ ಏಳುವುದಿಲ್ಲ. ಅದನ್ನು ನೋಡಿ ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟೆ, ಬ್ಯಾಟು, ಫೋನು, ನರ್ಸುಗಳು, ಕಾಕಾನ ಕೊನೆಯ ಮಾತು.

ಅವಳು ಡಬ್ಬಿ ಕೆಳಗಿಟ್ಟಳು. ಆಮೇಲೆ, ಎಷ್ಟೋ ವರ್ಷಗಳ ಮೇಲೆ, ಕಾಕಾನ ಹತ್ತಿರ ಆಡುತ್ತಿದ್ದ ಅದೇ ಹರಕುಮುರುಕು ಕನ್ನಡದಲ್ಲಿ ಕೇಳಿದಳು. "ನರ್ಸ್‌ಗೆ ಹೇಳಿದ್ರು... ನಂಗ್ಯಾಕ ಹೇಳ್ಲಿಲ್ಲ, ಅವ್ವಾ? ನಾ ದಿನಾ ಕಾಯ್ತಿದ್ದೆ."

ಇಷ್ಟು ವರ್ಷ ಕಾದವಳು ನಾನೊಬ್ಬಳೇ ಅಂದುಕೊಂಡಿದ್ದೆ.