ಸರ್ವರ್ ರೂಮಿನ ದಾಸಮ್ಮ

ಗುಡೇಮಾರನಹಳ್ಳಿಯ ದಾಸಮ್ಮನಷ್ಟು ಪುಕ್ಕಲು ಹೆಂಗಸು ಇಡೀ ಮಾಗಡಿ ತಾಲ್ಲೂಕಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಕುರಿ ಸಾಕುವ ಮನೆಯಲ್ಲಿ ಹುಟ್ಟಿಯೂ ಟಗರು ಎದುರಾದರೆ ಜಗುಲಿ ಹತ್ತುತ್ತಿದ್ದಳು. ಕಂಡಕ್ಟರ್ ದನಿ ಎತ್ತಿದರೆ ಸಾಕು, ಕೈಯಲ್ಲಿ ಟಿಕೆಟ್ ಇದ್ದರೂ ಬೆವರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅಣ್ಣ ಪುಟ್ಟಲಿಂಗಯ್ಯನ ಮನೆ ಸೇರಿದಳು. ಅಲ್ಲಿ ಅನ್ನ ಬಟ್ಟೆಗೆ ಕೊರತೆಯಿರಲಿಲ್ಲ, ಆದರೆ ಅಣ್ಣನ ಮುಖದಲ್ಲಿ ಸಿಟ್ಟಿಲ್ಲವೆಂದು ನೋಡಿಕೊಳ್ಳದೆ ಇವಳು ತುತ್ತು ಎತ್ತುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಅಣ್ಣನ ರೇಷ್ಮೆ ಹುಳದ ಮನೆ ತಂಪಾಗಿರಲೆಂದು ಕಿಟಕಿಗೆ ಕಟ್ಟಿದ ಗೋಣಿಗೆ ನೀರು ಹಾಕುವ ಕೆಲಸ ಇವಳದಾಗಿತ್ತು. ಮಧ್ಯಾಹ್ನ ಸ್ವಲ್ಪ ಕಣ್ಣು ಹತ್ತಿತು. ಎದ್ದು ನೋಡಿದರೆ ಗೋಣಿ ಒಣಗಿ ಹೋಗಿತ್ತು, ಇನ್ನೇನು ಗೂಡು ಕಟ್ಟಬೇಕಿದ್ದ ರೇಷ್ಮೆ ಹುಳುಗಳು ತಲೆ ಎತ್ತಲಾರದೆ ಬಿದ್ದಿದ್ದವು. ಬೆಳೆಯೆಲ್ಲ ತಿಪ್ಪೆಗೆ ಹೋಯಿತು. ಪುಟ್ಟಲಿಂಗಯ್ಯ ಬೈಯಲಿಲ್ಲ, ಹೊಡೆಯಲಿಲ್ಲ. ಯುಗಾದಿಯಿಂದ ಗೌರಿ ಹಬ್ಬದ ತನಕ ತಂಗಿಯ ಜೊತೆ ಮಾತೇ ಬಿಟ್ಟ. ನಾಲ್ಕು ಏಟು ಹಾಕಿದ್ದರೆ ಪಾಪ, ಅವಳು ಅತ್ತು ಹಗುರಾಗುತ್ತಿದ್ದಳು. ಅಂದಿನಿಂದ ಅವಳಿಗೆ ಸೆಕೆ ಕಂಡರೂ ಭಯ, ಅಣ್ಣನನ್ನು ಕಂಡರೂ ಭಯ.

ಕೊರೊನಾ ಕಳೆದು ರೇಷ್ಮೆ ಗೂಡಿನ ಬೆಲೆ ಕಂಡು ಕೇಳರಿಯದಷ್ಟು ಏರಿದಾಗ ರಾಮನಗರದ ಹೊರಗೆ ಯಾರೋ ಹಣವಂತರು ಖಾಸಗಿ ಗೂಡಿನ ಮಂಡಿ ತೆರೆದರು. ದಾಸಮ್ಮ ಅಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದಳು. ಅಲ್ಲಿ ಕೂಗಿ ಹರಾಜು ಹಾಕುವ ಪದ್ಧತಿಯಿಲ್ಲ. ನೂಲು ತೆಗೆಯುವ ರೀಲರುಗಳು ಮೊಬೈಲಿನಲ್ಲಿ ಬೆಲೆ ಒತ್ತುತ್ತಾರೆ, ಅದು ಸರ್ವರಿಗೆ ಹೋಗಿ ಹಜಾರದ ದೊಡ್ಡ ಪರದೆಯ ಮೇಲೆ ಮೂಡುತ್ತದೆ. ಗಂಟೆ ಹೊಡೆದಾಗ ಪರದೆಯಲ್ಲಿರುವ ಬೆಲೆಯೇ ರೈತನ ಹಣೆಬರಹ. ಆ ಸರ್ವರ್ ನೋಡಿಕೊಳ್ಳುತ್ತಿದ್ದವನು ಗೌಸ್. ತನ್ನ ಟೀಯಲ್ಲಿ ಅರ್ಧ ದಾಸಮ್ಮನಿಗೆ ಕೊಟ್ಟೇ ಕುಡಿಯುವ ಸಾಧು ಮನುಷ್ಯ.

ಆ ಏಪ್ರಿಲ್‌ನಲ್ಲಿ ಸರ್ವರ್ ರೂಮಿನ ಏಸಿ ಕೆಟ್ಟಿತು. ರಿಪೇರಿಯವನು ಇವತ್ತು ಬಂದೆ, ನಾಳೆ ಬಂದೆ ಎನ್ನುತ್ತಲೇ ಇದ್ದ. ಗೌಸ್ ತಲೆ ಕೆರೆದುಕೊಂಡು, "ಈ ರೂಮ್ ಬಿಸಿ ಆಗ್ಬಾರ್ದು ದಾಸಮ್ಮಕ್ಕ, ಬಿಸಿಯಾದ್ರೆ ಮಿಶೀನ್ ಸತ್ತೋಯ್ತದೆ" ಅಂದ. ಹೇಳಿ ಹಜಾರಕ್ಕೆ ಹೋದ. ಸತ್ತೋಯ್ತದೆ ಅಂದರೆ ಸಾಕಲ್ಲ, ದಾಸಮ್ಮನಿಗೆ ಅಂದು ಸತ್ತ ಹುಳುಗಳು ಕಣ್ಣ ಮುಂದೆ ಬಂದವು. ಎರಡು ಗೋಣಿ ತಂದು ಕಿಟಕಿಗೆ ಕಟ್ಟಿದಳು. ದಿನಾ ಬಿಸಿಲೇರುವ ಹೊತ್ತಿಗೆ ಬಿಂದಿಗೆ ನೀರನ್ನು ಧಾರಾಳವಾಗಿ ಸುರಿದಳು. ಈ ಸಲ ನಿದ್ದೆ ಮಾಡಲಿಲ್ಲ, ತೂಕಡಿಸಲೂ ಇಲ್ಲ.

ಹರಾಜು ಕುಂಟತೊಡಗಿದ್ದು ಆಗಿನಿಂದಲೇ. ಬೆಳಗ್ಗೆ ಎಲ್ಲ ಸರಿಯಿರುತ್ತಿತ್ತು, ಮಧ್ಯಾಹ್ನವಾದರೆ ಒತ್ತಿದ ಬೆಲೆ ಪರದೆ ಮುಟ್ಟುವಷ್ಟರಲ್ಲಿ ಗಂಟೆ ಹೊಡೆದುಬಿಡುತ್ತಿತ್ತು. ಒಳ್ಳೊಳ್ಳೆಯ ಗೂಡು ಕಾಸಿಗೆ ಕಡೆಯಾಗಿ ಹೋಯಿತು. ಗೌಸ್ ಸರ್ವರನ್ನು ಆರಿಸಿ ಹಚ್ಚಿದ. ಯಾರಾದರೂ ಸಿನಿಮಾ ನೋಡುತ್ತಿದ್ದಾರೇನೋ ಎಂದು ಆಫೀಸಿನವರ ಫೋನುಗಳನ್ನೆಲ್ಲ ನೆಟ್‌ನಿಂದ ತೆಗೆಸಿದ. ಹಜಾರದ ವೈಫೈ ಡಬ್ಬಿಯನ್ನೇ ಬದಲಾಯಿಸಿದ. ಏನೂ ಪ್ರಯೋಜನವಾಗಲಿಲ್ಲ.

ಒಂದು ದಿನ ಮಧ್ಯಾಹ್ನ ಹರಾಜಿನ ನಡುವೆಯೇ ಲ್ಯಾಪ್‌ಟಾಪ್ ತಂದು ಸರ್ವರಿಗೆ ನೇರ ಸಿಕ್ಕಿಸಿದ.

"ನೋಡಕ್ಕ, ಇಲ್ಲಿ ಕುದ್ರೆ ಥರ ಓಡ್ತದೆ. ಹಜಾರಕ್ಕೆ ಹೋದ್ರೆ ತೆವಳ್ತದೆ. ಸರ್ವರ್‌ದು ತಪ್ಪಿಲ್ಲ, ಮಧ್ಯದ ವೈರಲ್ಲೇ ಐತೆ ರೋಗ. ಎಲ್ಲೋ ಜಾಯಿಂಟಿಗೆ ನೀರ್ ಇಳ್ದಿದ್ರೆ ಹಿಂಗೇ ಆಗದು."

ದಾಸಮ್ಮ ಕಿಟಕಿ ನೋಡಿದಳು. ಗೋಣಿಯಿಂದ ಇಳಿದ ನೀರು ಗೋಡೆಗುಂಟ ಹರಿದು ಬೀರುವಿನ ಹಿಂದೆ ಮಾಯವಾಗುತ್ತಿತ್ತು. ಬೀರುವಿನ ಹಿಂದೆ ಹಜಾರಕ್ಕೆ ಹೋಗುವ ವೈರಿನ ಡಬ್ಬಿಯಿತ್ತು, ದಿನಾ ಬೆಳಗ್ಗೆ ಕೈ ತೂರಿಸಿ ಅದರ ಧೂಳು ಒರೆಸುತ್ತಿದ್ದವಳೂ ಅವಳೇ. ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಬಾಗಿಲು ದಡಾರನೆ ತೆರೆದುಕೊಂಡು ರೈತರ ಗುಂಪು ನುಗ್ಗಿತು. ಮುಂದಿದ್ದವನು ಪುಟ್ಟಲಿಂಗಯ್ಯ. ಆಗತಾನೆ ಅವನ ಗೂಡಿನ ಲಾಟು ಅರ್ಧ ಬೆಲೆಗೆ ಹೋಗಿತ್ತು.

"ರೀಲರ್‌ಗಳ ಹತ್ರ ಎಷ್ಟ್ಲಾ ತಿಂದೆ? ಬೇಕಂತ್ಲೇ ನಿಲ್ಲುಸ್ತೀಯ ಅಲ್ವಾ?" ಎಂದು ಗೌಸನ ಕಾಲರ್ ಹಿಡಿದು ಗೋಡೆಗೆ ಒತ್ತಿದ. "ಇವತ್ ನಿನ್ನ ಬುಡಕಿಲ್ಲ ಕಣ್ಲಾ!"

ಹಿಂದಿದ್ದವರು ಹೊಡಿ, ಹೊಡಿ ಅಂದರು. ಗೌಸ್ "ಅಲ್ಲಾನ ಆಣೆ ಅಣ್ಣ" ಅನ್ನುತ್ತಿದ್ದ, ಯಾರೂ ಕೇಳಿಸಿಕೊಳ್ಳಲಿಲ್ಲ.

ದಾಸಮ್ಮ ಬೀರುವಿಗೆ ಅಂಟಿಕೊಂಡಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಗೌಸ್ ನಾಲ್ಕು ಏಟು ತಿಂದು ಮನೆಗೆ ಹೋಗುತ್ತಾನೆ, ಇವಳು ಎಂದಿನಂತೆ ಅಣ್ಣನ ಮನೆಯಲ್ಲಿ ಉಣ್ಣುತ್ತಾಳೆ. ಹಾಗೆ ಅಂದುಕೊಂಡಳು ಕೂಡ, ಸುಳ್ಳು ಯಾಕೆ ಹೇಳಲಿ. ಆದರೆ ಅಣ್ಣನ ಕೈ ಮೇಲಕ್ಕೆ ಹೋದದ್ದನ್ನು ಕಂಡಾಗ ಅವಳಿಗೇ ತಿಳಿಯದೆ ಹೋಗಿ ಆ ತೋಳಿಗೆ ಜೋತುಬಿದ್ದಳು.

"ಅವ್ನಲ್ಲ ಕಣಣ್ಣ, ನಾನು! ನಾನೇ ನೀರ್ ಹಾಕ್ದೋಳು! ಗೋಣಿ ಕಟ್ಟಿ ನಾನೇ ಹಾಳ್ ಮಾಡ್ಬುಟ್ಟೆ!"

ಯಾರಿಗೂ ಅರ್ಥವಾಗಲಿಲ್ಲ. ಗೌಸನಿಗೆ ಮಾತ್ರ ಆಯಿತು. ಅವನು ಕಾಲರ್ ಬಿಡಿಸಿಕೊಂಡು ಬೀರು ಸರಿಸಿದ, ಡಬ್ಬಿ ಬಿಚ್ಚಿದ. ಒಳಗೆ ತಂತಿಗಳು ಹಸಿರು ಕಟ್ಟಿದ್ದವು, ತಳದಲ್ಲಿ ನೀರು ನಿಂತಿತ್ತು. ಹೊಸ ವೈರನ್ನು ಬೇರೆ ಗೋಡೆಯ ಮೇಲೆ ಎಳೆದು ಸಿಕ್ಕಿಸಿದ. ಹಜಾರದಿಂದ "ಬಂತು, ಬಂತು!" ಅನ್ನುವ ಕೂಗು ಕೇಳಿತು. ಆ ಮಧ್ಯಾಹ್ನದ ಲಾಟುಗಳನ್ನೆಲ್ಲ ಮತ್ತೆ ಹರಾಜಿಗೆ ಇಡುವುದಾಗಿ ಮಂಡಿಯವರು ಒಪ್ಪಿಕೊಂಡರು. ಪುಟ್ಟಲಿಂಗಯ್ಯನ ಗೂಡಿಗೂ ನ್ಯಾಯವಾದ ಬೆಲೆ ಬಂತು.

ಆದರೆ ಅವನು ತಂಗಿಯ ಕಡೆ ತಿರುಗಿಯೂ ನೋಡಲಿಲ್ಲ. ತುಟಿ ಬಿಗಿದುಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟ. ದಾಸಮ್ಮ ಹತ್ತು ಮಾರು ಹಿಂದೆ ನಡೆದಳು. ಮತ್ತೆ ಮಾತು ಬಿಡುವುದು ಶುರುವಾಯಿತಲ್ಲ ಅಂದುಕೊಂಡಳು.

ಮಾಗಡಿ ಬಸ್ಸು ತುಂಬಿತ್ತು. ಪುಟ್ಟಲಿಂಗಯ್ಯ ಇಬ್ಬರ ಸೀಟಿನಲ್ಲಿ ಕಾಲಗಲಿಸಿ ಕೂತು ಕಿಟಕಿಯಾಚೆ ನೋಡುತ್ತಿದ್ದ. ದಾಸಮ್ಮ ಕಂಬಿ ಹಿಡಿದು ನಿಂತಳು. ಬಸ್ಸು ಹೊರಟಿತು. ಹುಟ್ಟಿದಾಗಿನಿಂದ ಅಣ್ಣನನ್ನು ಏನೊಂದೂ ಕೇಳದವಳು, ಪಕ್ಕದವರಿಗೂ ಕೇಳುವಂತೆ ಹೇಳಿದಳು:

"ಒಸಿ ಸರ್ಕೊ ಅಣ್ಣ, ನಾನೂ ಕೂತ್ಕೋಬೇಕು."

ಪುಟ್ಟಲಿಂಗಯ್ಯ ಬೆಚ್ಚಿ ತಿರುಗಿ ನೋಡಿದ. ಮಾತಾಡಲಿಲ್ಲ. ಆದರೆ ಸರಿದು ಕೂತ.