ಬ್ಯಾಟರಿಯ ಕೊಂಬಿಗೆ ಬಳಿದ ಅರಿಶಿನ

ಮನೆಯ ಯುಪಿಎಸ್‌ಗೆ ತಂದ ಎರಡು ಹೊಸ ಬ್ಯಾಟರಿಗಳನ್ನು ನಡುಮನೆಯಲ್ಲಿ ಇಳಿಸಿದಾಗ ಅತ್ತೆ ಕುರ್ಚಿ ಎಳೆಸಿಕೊಂಡು ಹತ್ತಿರ ಕೂತರು. ಮೂಗಿಗೆ ಆಕ್ಸಿಜನ್ ನಳಿಕೆ, ಕೈಯಲ್ಲಿ ಅರಿಶಿನ ಕುಂಕುಮದ ಬಟ್ಟಲು. ಅರಕೆರೆಯ ನಮ್ಮ ಮನೆಗೆ ಹಸು ಬರಲಿ, ಟ್ರಾಕ್ಟರು ಬರಲಿ, ಮೊದಲ ಪೂಜೆ ಅವರದೇ. ತಂತಿ ಸಿಕ್ಕಿಸಲು ಬ್ಯಾಟರಿಯ ಮೇಲೆ ಎದ್ದು ನಿಂತ ಸೀಸದ ತುಂಡುಗಳನ್ನು ಕಂಡು, "ಕೊಂಬು ಇದ್ದಂಗವೆ ಕಣವ್ವ" ಎಂದು ನಕ್ಕರು. ಎಣ್ಣೆಯಲ್ಲಿ ಕಲಸಿದ ಅರಿಶಿನವನ್ನು, ಸಂಕ್ರಾಂತಿಗೆ ಹಸುವಿಗೆ ಬಳಿದಂತೆ, ಆ ಕೊಂಬುಗಳಿಗೇ ದಪ್ಪಗೆ ಬಳಿದರು. ಮೇಲೆ ಕುಂಕುಮವಿಟ್ಟರು.

ನನ್ನ ಗಂಡ ಅದನ್ನು ಒರೆಸಲಿಲ್ಲ. ಹೆತ್ತವ್ವ ಇಟ್ಟ ಅರಿಶಿನ ಕುಂಕುಮ ಒರೆಸುವುದುಂಟೇ? ಅದರ ಮೇಲೆಯೇ ತಂತಿ ಬಿಗಿದರು. ಮೇನ್ ಸ್ವಿಚ್ಚು ಆರಿಸಿ ನೋಡಿದರು, ಬಲ್ಬು ಹತ್ತಿತು. ಇನ್ನು ಚಿಂತೆಯಿಲ್ಲ ಎಂದು ಖಾಲಿಯಾಗಿದ್ದ ಆಕ್ಸಿಜನ್ ಸಿಲಿಂಡರನ್ನು ಕಾರಿಗೆ ಹಾಕಿಕೊಂಡು, ತುಂಬಿಸಿ ತರಲು ಶ್ರೀರಂಗಪಟ್ಟಣಕ್ಕೆ ಹೋದರು.

ಅವರು ಊರು ದಾಟಿರಬೇಕು, ಕರೆಂಟು ಹೋಯಿತು.

ಅತ್ತೆಗೆ ಉಸಿರು ಕೊಡುವ ಮಿಶನ್ನು ಒಂದೆರಡು ಸಲ ಗುರುಗುಟ್ಟಿ ನಿಂತಿತು. ಯುಪಿಎಸ್ಸು ಕಿಯ್ಯೆಂದು ಕೂಗಿ ತಾನೂ ಆರಿತು. ಫ್ಯಾನು, ಬಲ್ಬು, ಟೀವಿ ಎಲ್ಲ ಆರಿಸಿ ಮತ್ತೆ ಹಾಕಿದೆ. ಬಲ್ಬೊಂದೇ ಆದರೆ ಉರಿಯುತ್ತದೆ. ಮಿಶನ್ನು ಹಾಕಿದೊಡನೆ ಸತ್ತುಹೋಗುತ್ತದೆ. ಹೊಸ ಬ್ಯಾಟರಿಯಂತೆ, ಸುಡುಗಾಡು! ಫೋನಿನಲ್ಲಿ ಗಂಡ, "ಬಂದ್ಬುಟ್ಟೆ, ಗಾಬ್ರಿ ಬೀಳಬ್ಯಾಡ" ಎಂದರು. ಅವರ ದನಿಯೇ ನಡುಗುತ್ತಿತ್ತು.

ಅತ್ತೆ ಮಂಚದ ಅಂಚು ಹಿಡಿದು ಮುಂದಕ್ಕೆ ಬಾಗಿದ್ದರು. ತುಟಿ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಆ ತುಟಿಯನ್ನು ನೋಡಲೂ ಭಯ, ನೋಡದಿರಲೂ ಭಯ.

ತಂತಿ ಸಡಿಲವಾಗಿದೆಯೇನೋ ಎಂದು ಒಂದೊಂದೇ ಮುಟ್ಟಿದೆ. ಒಂದು ತುದಿ ಮಾತ್ರ ಬೆರಳು ಸುಡುವಷ್ಟು ಬಿಸಿಯಾಗಿತ್ತು, ಸುತ್ತ ಅರಿಶಿನ ಕಪ್ಪಾಗಿತ್ತು. ಸ್ವಿಚ್ಚು ಆರಿಸಿ, ಟ್ರಾಕ್ಟರಿನ ಸ್ಪ್ಯಾನರಿನಿಂದ ಬಿಚ್ಚಿದೆ. ತಂತಿಗೂ ಸೀಸಕ್ಕೂ ನಡುವೆ ಹಳದಿ ಪದರ ಮೆತ್ತಿಕೊಂಡಿತ್ತು. ಬಲ್ಬಿಗೆ ಬೇಕಾದಷ್ಟು ಕರೆಂಟು ಅದರಲ್ಲಿ ನುಸುಳುತ್ತಿತ್ತು, ಮಿಶನ್ನಿಗೆ ಸಾಲುತ್ತಿರಲಿಲ್ಲ.

ಗೊತ್ತಾಯಿತು. ಬಟ್ಟೆಯೂ ಕೈಯಲ್ಲಿತ್ತು. ಆದರೂ ಕೈ ಏಳಲಿಲ್ಲ. ಉಸಿರಿಗೆ ಒದ್ದಾಡುತ್ತಿರುವವರ ಕಣ್ಣೆದುರೇ ಅವರಿಟ್ಟ ಕುಂಕುಮವನ್ನು ಒರೆಸುವುದೇ? ಒರೆಸಿದ ಮೇಲೆ ಏನಾದರೂ ಆದರೆ? ನಾನು ಓದಿದವಳು, ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಅಲ್ಲಿ ಅದ್ಯಾವುದೂ ನೆರವಿಗೆ ಬರಲಿಲ್ಲ.

ಅತ್ತೆ ನೋಡುತ್ತಿದ್ದರು. ಮಾವ ತೀರಿಕೊಂಡಾಗಿನಿಂದ ಬರಿದಾಗಿದ್ದ ಅವರ ಹಣೆ ಬೆವರಿತ್ತು.

"ಒರ್ಸು" ಎಂದರು. ಉಸಿರೆಳೆದುಕೊಂಡರು. "ನನ್ ಅಣೇದ್ನೇ... ಒರ್ಸುದ್ರು. ಬದುಕ್ನಿಲ್ವಾ... ಒರ್ಸವ್ವ."

ಒರೆಸಿದೆ. ಎಲ್ಲ ಕೊಂಬುಗಳನ್ನೂ ಸೀಸ ಬೆಳ್ಳಗೆ ಕಾಣುವವರೆಗೆ ತಿಕ್ಕಿದೆ, ತಂತಿಯ ತುದಿಗಳನ್ನು ಚಾಕುವಿನಿಂದ ಕೆರೆದೆ, ಬಿಗಿದೆ. ಸ್ವಿಚ್ಚು ಹಾಕಿ ಕಣ್ಣು ಮುಚ್ಚಿಕೊಂಡೆ. ಮಿಶನ್ನು ಗುರುಗುಟ್ಟಿತು, ಗುರುಗುಟ್ಟುತ್ತಲೇ ಇತ್ತು.

ಸಿಲಿಂಡರು ಹೊತ್ತು ಗಂಡ ಓಡಿಬಂದಾಗ ಅತ್ತೆಯ ತುಟಿಗೆ ಬಣ್ಣ ಮರಳಿತ್ತು. ಹಳದಿ ಬಟ್ಟೆ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು. ಬಿಡಿಸಲು ಗಂಡ ನನ್ನ ಬೆರಳುಗಳನ್ನು ಒಂದೊಂದಾಗಿ ತೆರೆಯಬೇಕಾಯಿತು.