ಪಟ್ಟಿಯಿಲ್ಲದ ಸಭೆಯ ಮಾರ್ಥಕ್ಕ

ಚಪ್ಪಾಳೆಯ ಹಾಡು ಶುರುವಾದರೆ ನಮ್ಮ ಸಭೆಯಲ್ಲಿ ಎಲ್ಲರ ಕೈಯೂ ಮೇಲೇಳುತ್ತಿತ್ತು. ಕೈಕಟ್ಟಿ ನಿಲ್ಲುತ್ತಿದ್ದವರು ಮಾರ್ಥಕ್ಕ ಒಬ್ಬರೇ. ಹಾಡೇನೋ ಹಾಡುತ್ತಿದ್ದರು, ಕಿಟಕಿಯ ಗಾಜು ಅದುರುವಂಥ ದಪ್ಪ ದನಿಯಲ್ಲಿ. ಅಂಗೈಗಳು ಮಾತ್ರ ಕಂಕುಳ ಕೆಳಗೆ ಭದ್ರವಾಗಿರುತ್ತಿದ್ದವು. ಯಾಕೆ ಎಂದು ಒಮ್ಮೆ ಕೇಳಿದೆ.

“ಆರು ವರ್ಷ ಟೋಲ್ ಹತ್ರ ಒಂದೊಂದ್ ಕಾರಿಗೂ ತಟ್ಟಿದ್ದೀನಿ ಕಾನ್ವೆಂಟು. ಈ ಕೈ ರಿಟೈರ್ ಆಗಿದೆ,” ಎಂದರು.

ಮಾರ್ಥಕ್ಕ ಮಂಗಳಮುಖಿ. ಕಾನ್ವೆಂಟು ಎಂದರೆ ನಾನು. ಆ ಹೆಸರು ನನಗೆ ಬಿದ್ದದ್ದು ನಾವು ಈ ಸಭೆಗೆ ಬಂದ ಮೊದಲ ಭಾನುವಾರವೇ. ನೆಲಮಂಗಲದಲ್ಲಿ, ಅರಿಶಿನಕುಂಟೆ ಕಡೆಗೆ ಹೋಗುವ ದಾರಿಯಲ್ಲಿ, ಪ್ಲೈವುಡ್ ಅಂಗಡಿಯ ಮೇಲಿನ ಹಾಲ್ ನಮ್ಮ ಚರ್ಚು. ಕೆಳಗಿನಿಂದ ಮರದ ಪುಡಿಯ ವಾಸನೆ, ಮೇಲೆ ನೀಲಿ ಪ್ಲಾಸ್ಟಿಕ್ ಕುರ್ಚಿಗಳು. ನಾನು ಕುಳಿತ ಸಾಲಿನಲ್ಲಿ ಆಚೆ ಕುರ್ಚಿಗೆ ಮಾರ್ಥಕ್ಕ ಬಂದು ಕೂತರು. ಮಧ್ಯದ ಖಾಲಿ ಕುರ್ಚಿಯ ಮೇಲೆ ನನ್ನ ಕೈ ತಾನಾಗಿ ಬ್ಯಾಗ್ ಇಟ್ಟಿತು. ಅವರು ಬ್ಯಾಗನ್ನು ನೋಡಿದರು, ನನ್ನನ್ನು ನೋಡಿದರು.

“ಬ್ಯಾಗಿಗೂ ಒಂದ್ ಸೀಟಾ? ಪ್ರಸಂಗ ಅರ್ಥ ಆಗುತ್ತಾ ಅದಕ್ಕೆ?”

“ಸಾರಿ, ಎಕ್ಸ್‌ಕ್ಯೂಸ್ ಮಿ,” ಎಂದು ನಾನು ಗಡಿಬಿಡಿಯಿಂದ ಬ್ಯಾಗ್ ಎತ್ತಿಕೊಂಡೆ.

“ಅಯ್ಯೋ, ಇದು ಕಾನ್ವೆಂಟು!” ಎಂದು ಅವರು ಬಾಯಿಗೆ ಸೆರಗು ಹಿಡಿದು ನಕ್ಕರು. ನನ್ನ ಯಜಮಾನರೂ ಆಚೆ ಮುಖ ತಿರುಗಿಸಿಕೊಂಡು ನಗುತ್ತಿದ್ದರು. ಮುಂದಿನ ವಾರದಿಂದ ಬ್ಯಾಗನ್ನು ಕಾಲಬಳಿ ಇಡುವುದನ್ನು ಕಲಿತೆ.

ಟೋಲ್ ಬಿಟ್ಟ ಮೇಲೆ ಅವರು ಕಾರ್ಖಾನೆಗೆ ಹೋಗುವ ಹುಡುಗಿಯರ ರೂಮುಗಳಿಗೆ ಊಟ ಮಾಡಿ ಕಳಿಸುತ್ತಿದ್ದರು. ಟೋಲಿನ ಹಳೆಯ ಜೊತೆಗಾರ ಮಂಗಳಮುಖಿಯರ ಮನೆಯಿಂದಲೂ ಹೊರಬಂದಿದ್ದರು. ಭಾನುವಾರ ಆರಾಧನೆಯ ನಂತರದ ಊಟ ಅವರದೇ. ಉಪ್ಪುಸಾರು, ಮುದ್ದೆ, ಯಾವಾಗಲಾದರೂ ಕೋಳಿ. ಅವರು ಮುದ್ದೆ ಕಟ್ಟುವುದನ್ನು ನೋಡುತ್ತಾ ನಿಲ್ಲುತ್ತಿದ್ದೆ. ಒದ್ದೆ ಕೈಯಲ್ಲಿ ಎರಡು ಸುತ್ತು, ಅಷ್ಟೆ. ಬಳೆಗಳನ್ನು ಮೊಣಕೈವರೆಗೆ ಏರಿಸಿ, ಸೊಂಟ ಮುಟ್ಟುವ ಜಡೆಯನ್ನು ಹಿಟ್ಟು ತಾಗದಂತೆ ಸುತ್ತಿ ಸಿಕ್ಕಿಸಿಕೊಳ್ಳುತ್ತಿದ್ದರು. ಅಷ್ಟು ಜತನ ಆ ಜಡೆಯ ಮೇಲೆ. ಭಾನುವಾರದ ಹಿಂದಿನ ದಿನ ಸೀಗೆಕಾಯಿ, ಬೇರೇನನ್ನೂ ಮುಟ್ಟಿಸುವ ಹಾಗಿಲ್ಲ.

ಮಾರ್ಥ ಎಂಬ ಹೆಸರನ್ನು ದೀಕ್ಷಾಸ್ನಾನದ ದಿನ ಅವರೇ ಆರಿಸಿಕೊಂಡಿದ್ದಂತೆ. “ಪಾಸ್ಟರು ಮರಿಯ ಅಂತ ಇಡೋಕ್ ಬಂದ್ರು. ಮರಿಯಮ್ಮ ಸ್ವಾಮಿ ಪಾದದ ಹತ್ರ ಕೂತ್ಕೊಂಡು ಕೇಳ್ತಾ ಇದ್ಲು, ಮಾರ್ಥಮ್ಮ ಅಡುಗೆ ಮನೇಲಿ ಒದ್ದಾಡ್ತಿದ್ಲು ಅಂತ ಅವ್ರೇ ಹೇಳಿದ್ರಲ್ಲ. ನಂಗ್ ಒಂದ್ ಕಡೆ ಕೂರೋಕಾಗಲ್ಲ ಅಯ್ಯಾ, ಒದ್ದಾಡೋಳ್ ಹೆಸರೇ ಇರ್ಲಿ ಅಂದೆ.”

ನನ್ನ ಮಗಳು ದೊಡ್ಡವಳಾದಾಗ ನಮ್ಮ ಅತ್ತೆ ಊರಲ್ಲಿದ್ದರು. ನಾನು ಪುಸ್ತಕದ ಮಾತುಗಳಲ್ಲಿ ಏನೋ ವಿವರಿಸುತ್ತಿದ್ದೆ, ಮಗು ಗೋಡೆಗೆ ಮುಖ ಮಾಡಿ ಮಲಗಿತ್ತು. ಮಾರ್ಥಕ್ಕ ಸುದ್ದಿ ಕೇಳಿ ಎಳ್ಳುಂಡೆ ಕಟ್ಟಿಕೊಂಡು ಬಂದರು. ಬಾಗಿಲಲ್ಲೇ ನಿಂತು, “ನಾನ್ ಒಳಗ್ ಬರ್ಬೋದಾ? ಈ ಟೈಮಲ್ಲಿ?” ಎಂದು ನನ್ನನ್ನು ಕೇಳಿದರು. ಯಾವತ್ತೂ ಅಪ್ಪಣೆ ಕೇಳದವರು. ಕೈಹಿಡಿದು ಒಳಗೆ ಕರೆದೆ. ಮಗಳ ತಲೆಗೆ ಎಣ್ಣೆ ಹಚ್ಚುತ್ತಾ, “ನಿಂಗೆ ಕೇಳ್ದೇನೇ ಕೊಟ್ಬಿಟ್ಟಿದಾನೆ ದೇವ್ರು. ನಾನ್ ಎಷ್ಟ್ ಜಗಳ ಆಡಿದೀನಿ ಗೊತ್ತಾ ಅವನ್ ಹತ್ರ? ಎದ್ ಕೂತ್ಕೋ, ಉಂಡೆ ತಿನ್ನು,” ಎಂದರು. ಮಗು ಎದ್ದು ಕೂತಿತು.

ನಮ್ಮ ಸಭೆಗೆ ಒಂದು ಹೆಮ್ಮೆಯಿತ್ತು. ನಮ್ಮಲ್ಲಿ ಸದಸ್ಯರ ಪಟ್ಟಿ ಇರಲಿಲ್ಲ. ನಾನು ಹುಟ್ಟಿ ಬೆಳೆದ ಹಳೆಯ ಚರ್ಚಿನಲ್ಲಿ ದಪ್ಪ ರಟ್ಟಿನ ರಿಜಿಸ್ಟರಿತ್ತು. ಅದರಿಂದ ಹೆಸರು ಹೊಡೆಸಿಕೊಂಡ ಎಷ್ಟೋ ಜನ ಇಲ್ಲಿಗೆ ಬಂದಿದ್ದರು. ಬೇರೆ ಜಾತಿಯವರನ್ನು ಮದುವೆಯಾದವರು, ಗಂಡನನ್ನು ಬಿಟ್ಟವರು, ಯಾರಿಗೂ ಹೇಳಲಾಗದ್ದನ್ನು ಹೇಳಿಬಿಟ್ಟವರು. ಪಾಸ್ಟರು ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದರು: “ಇಲ್ಲಿ ಹೆಸರು ಬರೆಯಲ್ಲ, ಹಾಗಾಗಿ ಹೊಡೆಯೋದೂ ಇಲ್ಲ. ಬಾಗಿಲು ದಾಟಿದವರೆಲ್ಲ ನಮ್ಮವರೇ.” ನಾವೆಲ್ಲ ಆಮೆನ್ ಎನ್ನುತ್ತಿದ್ದೆವು. ನಾನಂತೂ ಕಣ್ಣು ತುಂಬಿಕೊಂಡು.

ಹೋದ ವರ್ಷ ನಮ್ಮಲ್ಲಿನ ಹಿರಿಯರೊಬ್ಬರು ತೀರಿಕೊಂಡರು. ಹಳೆಯ ಚರ್ಚಿನ ರಿಜಿಸ್ಟರಿನಲ್ಲಿ ಅವರ ಹೆಸರು ಇನ್ನೂ ಇದ್ದುದರಿಂದ ಅಲ್ಲಿನ ಸಮಾಧಿಭೂಮಿಯಲ್ಲಿ ಜಾಗ ಸಿಕ್ಕಿತು. ವಾಪಸು ಬರುವಾಗ ಮಾರ್ಥಕ್ಕ ಚಪ್ಪಲಿಯ ಮಣ್ಣನ್ನು ಕಲ್ಲಿಗೆ ತಿಕ್ಕುತ್ತಾ ಕೇಳಿದರು.

“ಕಾನ್ವೆಂಟು, ನನ್ ಹೆಸರು ಎಲ್ಲಾದ್ರೂ ಬರ್ದಿದ್ದೀರಾ ನೀವು?”

“ದೇವರ ಪುಸ್ತಕದಲ್ಲಿ ಇದೆಯಲ್ಲ ಮಾರ್ಥಕ್ಕ,” ಎಂದೆ. ಕಾನ್ವೆಂಟ್ ಶಾಲೆಯ ಸಿಸ್ಟರುಗಳು ಕಲಿಸಿದ ಉತ್ತರ. ನಾಲಿಗೆಯ ತುದಿಯಲ್ಲೇ ಇರುತ್ತದೆ.

“ಅದು ಸರಿ. ಆ ಪುಸ್ತಕ ಇಲ್ಲಿ ಯಾರಿಗ್ ತೋರ್ಸ್ಲಿ? ಒಂದ್ ನೋಟ್‌ಬುಕ್ ತಗೊಂಡು ಬರ್ದಿಡಿ. ನಿಮ್ಮ ಅಕ್ಷರ ಚೆನ್ನಾಗಿದೆ. ಮಾರ್ಥ, ಈ ಸಭೆಯವಳು. ಅಷ್ಟೇ.” ಸ್ವಲ್ಪ ದೂರ ನಡೆದು ಮತ್ತೆ ಹೇಳಿದರು: “ನಂಗ್ ದೊಡ್ಡ ಆಸೆ ಏನಿಲ್ಲ. ಸತ್ರೆ ಸೀರೇಲಿ ಮಣ್ಣಿಗ್ ಹಾಕಿ. ಈ ಹೆಸರಲ್ಲೇ ಪ್ರಾರ್ಥನೆ ಮಾಡಿ. ಪ್ಯಾಂಟು ಶರ್ಟು ಹಾಕಿ ಕಳಿಸ್ಬೇಡಿ, ಮೇಲೆ ಹೋದ್ರೆ ಗುರ್ತೇ ಸಿಗಲ್ಲ.”

ಇಬ್ಬರೂ ನಕ್ಕೆವು. ಪಾಸ್ಟರಿಗೆ ಹೇಳಿದೆ. “ಒಬ್ಬರ ಹೆಸರು ಬರೆದರೆ ಎಲ್ಲರದೂ ಬರೆಯಬೇಕಾಗುತ್ತೆ ಸಿಸ್ಟರ್, ಎಲ್ಲರನ್ನೂ ಕೇಳೋಣ,” ಎಂದರು. ಕ್ರಿಸ್ಮಸ್ ಬಂತು, ಮಗಳ ಪರೀಕ್ಷೆ ಬಂತು. ನಾನು ಮತ್ತೆ ನೆನಪಿಸಲಿಲ್ಲ. ಅವರೂ ಕೇಳಲಿಲ್ಲ.

ಈ ಮಳೆಗಾಲದಲ್ಲಿ ಮಾರ್ಥಕ್ಕನಿಗೆ ಜ್ವರ ಬಂದು ನಾಲ್ಕೇ ದಿನದಲ್ಲಿ ಎದೆಗೆ ಇಳಿಯಿತು. ಆಸ್ಪತ್ರೆಯಲ್ಲಿ ನಾವು ಸರದಿಯ ಮೇಲೆ ಇದ್ದೆವು. ಆಸ್ಪತ್ರೆ ಸೇರಿದ ಐದನೆಯ ಬೆಳಿಗ್ಗೆ ನಾನು ಗಂಜಿ ತೆಗೆದುಕೊಂಡು ಹೋಗುವಷ್ಟರಲ್ಲಿ ಹಾಸಿಗೆಯ ಸುತ್ತ ಪರದೆ ಎಳೆದಿದ್ದರು. ಪಾಸ್ಟರು ಮಾರ್ಥಕ್ಕನ ಫೋನಿನಲ್ಲಿ ‘ಅಮ್ಮ’ ಎಂದಿದ್ದ ನಂಬರಿಗೆ ತಾವೇ ಕರೆ ಮಾಡಿದರು. ಹೆತ್ತವಳಿಗೆ ತಿಳಿಸದೆ ಇರುವುದುಂಟೇ? ನಾನು ಮನೆಗೆ ಓಡಿದೆ. ಮಾರ್ಥಕ್ಕ ಮೆಚ್ಚಿದ್ದ ನನ್ನ ನೇರಳೆ ಬಣ್ಣದ ಸೀರೆ, ರವಿಕೆ, ಒಂದು ಡಜನ್ ಬಳೆ ಬ್ಯಾಗಿಗೆ ತುರುಕಿಕೊಂಡು ಬಂದೆ.

ಕೌಂಟರಿನಲ್ಲಿದ್ದ ಗುಮಾಸ್ತರು ಒರಟರೇನಲ್ಲ. “ಆಧಾರಲ್ಲಿ ಬೇರೆ ಹೆಸರಿದೆ ಸಾರ್. ಗಂಡಸು ಅಂತಿದೆ, ಕುಂದಾಣದ ಕಡೆ ಅಡ್ರೆಸ್ಸು. ಬಾಡಿ ನಿಮಗೆ ಕೊಡ್ಬೇಕಾದ್ರೆ ನಿಮ್ಮೋರು ಅನ್ನೋಕೆ ಏನಾದ್ರೂ ಕಾಗದ ಕೊಡಿ, ಮಾತಾಡಿ ನೋಡೋಣ. ಚರ್ಚ್ ರಿಜಿಸ್ಟರ್ ಇರುತ್ತಲ್ಲ?”

ಪಾಸ್ಟರು ಫೋನಿನಲ್ಲಿ ಫೋಟೋಗಳನ್ನು ತೋರಿಸಿದರು. ಕ್ರಿಸ್ಮಸ್, ಈಸ್ಟರ್, ಮುದ್ದೆಯ ತಟ್ಟೆ ಹಿಡಿದ ಮಾರ್ಥಕ್ಕ.

“ಫೋಟೋದಲ್ಲಿ ಯಾರ್ ಬೇಕಾದ್ರೂ ನಿಂತ್ಕೋಬೋದು ಸಾರ್.”

ಹಳೆಯ ಚರ್ಚಿನಲ್ಲೂ ಸಮಾಧಿಗೆ ಜಾಗ ಕೇಳಿದೆವು. ನಿಮ್ಮ ಸಭೆಯ ರಿಜಿಸ್ಟರಿನ ನಕಲು ತನ್ನಿ, ಜಾಗ ಕೊಡುತ್ತೇವೆ ಎಂದರು. ನನ್ನ ಯಜಮಾನರು ನನ್ನ ಕಿವಿಯಲ್ಲಿ, “ಎದುರು ಅಂಗಡೀಲಿ ನೋಟ್‌ಬುಕ್ ಸಿಗುತ್ತೆ. ಈಗ್ಲೇ ಬರೆದುಬಿಡೇ, ಹಿಂದಿನ ತಾರೀಖು ಹಾಕು,” ಎಂದರು. ನಾನು ಪಾಸ್ಟರ ಮುಖ ನೋಡಿದೆ. ಅವರು ತಲೆ ತಗ್ಗಿಸಿ ಫೋನಿನ ಫೋಟೋಗಳನ್ನೇ ಸರಿಸುತ್ತಿದ್ದರು. ನಾನು ನೋಟ್‌ಬುಕ್ ಕೊಂಡೂ ತಂದೆ. ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಮೆಟ್ಟಿಲ ಬಳಿ ಅಳು ಕೇಳಿಸಿತು.

ಕುಳ್ಳಗಿನ ಮುದುಕಿ, ಜೊತೆಗೆ ಬಿಳಿ ಪಂಚೆಯ ದೊಡ್ಡ ಮಗ. ಆಕೆ ಯಾರ ಜೊತೆಗೂ ಜಗಳಕ್ಕೆ ಬರಲಿಲ್ಲ. ಪಾಸ್ಟರ ಎರಡೂ ಕೈ ಹಿಡಿದು, “ನನ್ ಮಗನ್ನ ನಂಗ್ ಕೊಡ್ರಪ್ಪಾ. ಮುಖ ನೋಡಿ ಹನ್ನೆರಡ್ ವರ್ಷ ಆಯ್ತು,” ಎಂದರು. ಪೆನ್ನಿನ ಮುಚ್ಚಳ ಹಾಕಿದೆ. ಸೀರೆಯ ಮಾತನ್ನು ದೊಡ್ಡ ಮಗನಿಗೆ ಹೇಗೋ ಹೇಳಿದೆ. “ಅದೆಲ್ಲ ನಿಮ್ಮೂರಲ್ಲಿ ನಡೀತು ಕಣಮ್ಮ. ನಮ್ಮೂರಲ್ಲಿ ನಾವು ತಲೆ ಎತ್ಕೊಂಡು ಓಡಾಡ್ಬೇಕಲ್ಲ,” ಎಂದರು. ದನಿ ಎತ್ತದೆಯೇ.

ಆಂಬುಲೆನ್ಸ್ ಹೊರಟ ಎರಡು ಗಂಟೆಯ ಮೇಲೆ ನಾವು ನಾಲ್ವರು ಕಾರಿನಲ್ಲಿ ಅವರ ಊರಿಗೆ ಹೋದೆವು. ತಲುಪುವಾಗಲೇ ಸ್ನಾನ ಮುಗಿದಿತ್ತು. ಚಪ್ಪರದ ಕೆಳಗೆ ಬಿಳಿ ಶರ್ಟು, ಪಂಚೆ, ಹಣೆಗೆ ವಿಭೂತಿ. ಕಿವಿಯ ಹಿಂದೆ ಚರ್ಮ ಬೆಳ್ಳಗೆ ಕಾಣುವಷ್ಟು ಗಿಡ್ಡ ಕೂದಲು. ನಾನು ಮೊದಲ ಬಾರಿ ನೋಡಿದ ಒಬ್ಬ ಗಂಡಸು ಅಲ್ಲಿ ಮಲಗಿದ್ದ. ಬಳೆಯ ಗುರುತು ಮಾತ್ರ ಮಣಿಕಟ್ಟಿನಲ್ಲಿ ಉಳಿದಿತ್ತು. ಪಾಸ್ಟರು ಗಂಡಸರ ಹಿಂದೆ ಕೈಕಟ್ಟಿ ನಿಂತರು. ತುಟಿ ಅಲುಗುತ್ತಿತ್ತು, ದನಿಯಿಲ್ಲ. ಹೊಲದ ಬದುವಿನಲ್ಲಿ ಗುಂಡಿ ಸಿದ್ಧವಿತ್ತು.

ಹೆಂಗಸರ ನಡುವೆ ನನಗೆ ಚಾಪೆ ಹಾಕಿದರು. ಪಕ್ಕದ ಮನೆಯವರು ಟೀ ತಂದುಕೊಟ್ಟರು. ಆ ತಾಯಿ ಸರಿದು ನನ್ನ ಪಕ್ಕಕ್ಕೆ ಬಂದು, ಮೊಣಕಾಲ ಮೇಲೆ ಕೈಯಿಟ್ಟರು.

“ನಿಮ್ಮೂರಲ್ಲಿ ಚೆನ್ನಾಗ್ ನೋಡ್ಕೊಂಡ್ರಾ ತಾಯಿ, ನನ್ ಮಗನ್ನ?”

“ನಮ್ಮನ್ನೇ ನೋಡ್ಕೊಂಡ್ರಮ್ಮ.”

“ಏನಂತ ಕರೀತಿದ್ರಿ?”

ದೊಡ್ಡ ಮಗ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದರು. ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಮುದುಕಿಯ ಕಣ್ಣಂಚಿನಲ್ಲಿ ಒಣಗಿದ ನೀರಿನ ಗೆರೆಗಳು ಒಂದೊಂದಾಗಿ ಕಾಣುತ್ತಿದ್ದವು. ಹೆಸರು ನನ್ನ ಗಂಟಲವರೆಗೂ ಬಂದಿತ್ತು.

“ಅಣ್ಣಾ ಅಂತಿದ್ವಿ,” ಎಂದೆ.

“ಅಣ್ಣಾ ಅಂತಿದ್ರಂತೆ ಕಣೋ,” ಎಂದು ಆಕೆ ದೊಡ್ಡ ಮಗನಿಗೆ ಕೂಗಿ ಹೇಳಿದರು. ಅಲ್ಲಿದ್ದವರಿಗೆಲ್ಲ ಮತ್ತೊಮ್ಮೆ ಹೇಳಿದರು. ಆಮೇಲೆ ನನ್ನ ಕೆನ್ನೆ ಸವರಿ, ಟೀ ಆರಿಹೋಗುತ್ತೆ ಕುಡಿಯವ್ವ ಎಂದರು. ಕುಡಿದೆ.